ಮಾವ ಎಸರು ಬಿಟ್ಟ ಚಳಿಗಾಲ

ಕಳೆದ ಭಾನುವಾರ ಚಿಕ್ಕರಸಿನಕೆರೆಯಲ್ಲಿ ಬಸ್ಸಿಳಿದು ಇನ್ನೂ ಸೆರಗು ಸರಿಮಾಡಿಕೊಂಡಿರಲಿಲ್ಲ, ಆ ವಾಸನೆ ಬಂದು ಮೂಗಿಗೆ ಬಡಿಯಿತು. ಕೆಂಡದಲ್ಲಿ ಸುಟ್ಟ ಈರುಳ್ಳಿ, ಹುರಿದ ಧನಿಯ, ಚಕ್ಕೆ, ಲವಂಗ, ಅದರ ಹಿಂದೆಯೇ ಸೌದೆಯ ಹೊಗೆ. ಎಲ್ಲೋ ಬೀಗರೂಟಕ್ಕೆ ಕೊಪ್ಪರಿಗೆ ಏರಿದೆ ಎಂದು ತಿಳಿಯಲು ನಮ್ಮ ಕಡೆಯವರಿಗೆ ಲಗ್ನಪತ್ರಿಕೆ ಬೇಕಿಲ್ಲ, ಇಷ್ಟು ಸಾಕು. ನಾನು ಹೊರಟಿದ್ದೂ ಅದೇ ಊಟಕ್ಕೆ. ಆದರೆ ಕಾಲು ಮುಂದೆ ಹೋಗಲಿಲ್ಲ, ಅಂಗಡಿಯೊಂದರ ಮುಂದೆ ಹಾಗೇ ನಿಂತುಬಿಟ್ಟೆ. ಕೆಲವು ವರ್ಷಗಳ ಹಿಂದಿನ ಆ ಚಳಿಗಾಲ ಇಡಿಯಾಗಿ ಬಂದು ಎದುರು ನಿಂತಿತು.

ನಾನು ಮಳವಳ್ಳಿ ಕಡೆಯವಳು. ಮದುವೆಯಾಗಿ ಬಂದದ್ದು ಕೆರಗೋಡಿನ ಪಕ್ಕದ ಹಳ್ಳಿಗೆ. ಮಂಡ್ಯದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಡಂ. ಕೊರಳಲ್ಲಿ ತಾಳಿಯ ಜೊತೆ ವಿಸಿಲ್ ಸದಾ ನೇತಾಡುತ್ತಿರುತ್ತದೆ. ಕಾಲೇಜಿನಲ್ಲಿ ಕಬಡ್ಡಿ ಆಡಿದವಳಾದ್ದರಿಂದ ಸೋಲೊಪ್ಪಿಕೊಳ್ಳುವುದು ನನಗೆ ಇವತ್ತಿಗೂ ಆಗಿಬರುವುದಿಲ್ಲ. ನನ್ನ ಗಂಡ ಮಹೇಶ ತದ್ವಿರುದ್ಧ, ಮನೆಗೆ ಬೆಂಕಿ ಬಿದ್ದರೂ ಮೊದಲು ಚಪ್ಪಲಿ ಹುಡುಕುವ ಸ್ವಭಾವ.

ಮಾವನ ಹೆಸರು ಬೋರಣ್ಣ. ಕಬ್ಬು, ಭತ್ತ ಬೆಳೆಯುವುದು ಅವರ ಹೊಟ್ಟೆಪಾಡು. ಹೆಸರು ಬಂದದ್ದು ಮಾತ್ರ ಸಾರಿನಿಂದ. ಮದುವೆಯ ಶಾಸ್ತ್ರವೆಲ್ಲ ಮುಗಿದ ಮೇಲೆ ಬೀಗರನ್ನು ಕರೆದು ಹಾಕುವ ಬಾಡೂಟವಿದೆಯಲ್ಲ, ಅದಕ್ಕೆ ಮಂಡ್ಯದಿಂದ ಮದ್ದೂರಿನ ತನಕ ಮಾವನೇ ಬರಬೇಕು. ಅವರು ಹೋಗುತ್ತಿದ್ದದ್ದು ಕೂಲಿಗಲ್ಲ, ವಿಶ್ವಾಸಕ್ಕೆ. ಕುರಿಮರಿ ನಮ್ಮ ಮಳವಳ್ಳಿ ಸೀಮೆಯ ಬಂಡೂರಿನದೇ ಆಗಬೇಕು, ಅದರ ಕೊಬ್ಬು ಒಂದು ಚೂರೂ ಬಿಡದೆ ಕೊಪ್ಪರಿಗೆಗೆ ಬೀಳಬೇಕು, ಎಸರಿನ ಮೇಲೆ ಕೆಂಪಗೆ ಎಣ್ಣೆ ತೇಲಬೇಕು. ಎಸರು ಅಂದರೆ ಬಾಡಿನ ಸಾರಿನ ರಸ. ಉಂಡವರು ಸೋಪು ಹಾಕಿ ತಿಕ್ಕಿದರೂ ಅಂಗೈಯ ಜಿಡ್ಡು ಬಿಡಬಾರದು. ಅದು ಬೋರಣ್ಣನ ಸಾರು! ಅವರು ರುಚಿ ನೋಡುವ ರೀತಿಯನ್ನು ನೋಡುವುದಕ್ಕೇ ಒಲೆಯ ಸುತ್ತ ಜನ ನಿಲ್ಲುತ್ತಿದ್ದರು. ಸೌಟಿನಿಂದ ನಾಲ್ಕು ತೊಟ್ಟು ಅಂಗೈಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ನೆಕ್ಕಿ, ಒಂದು ಗಳಿಗೆ ಸುಮ್ಮನಿದ್ದು, “ಊಂ” ಎನ್ನುವರು. ಆ “ಊಂ” ಬಂದ ಮೇಲೆಯೇ ಎಲೆ ಹಾಕುವುದು.

ದಸರಾ ಕಳೆದ ವಾರ ಕೆರಗೋಡಿನಲ್ಲಿ ಒಂದು ಮಗುವಿನ ಮುಡಿ ತೆಗೆಸಿದ ಊಟ. ಕೊಪ್ಪರಿಗೆ ಇಳಿಸುತ್ತಿದ್ದ ಮಾವ ಇದ್ದಕ್ಕಿದ್ದಂತೆ ಎದೆ ಒತ್ತಿ ಹಿಡಿದು ಕೂತರು. ಮುಖದಲ್ಲಿ ಬೆವರು ಹನಿಹನಿಯಾಗಿ ಇಳಿಯುತ್ತಿತ್ತು. ಅಡುಗೆಯಲ್ಲಿ ಅವರ ಬಲಗೈಯಾಗಿದ್ದ ಗೆಣೆಕಾರ, ಚಿಕ್ಕರಸಿನಕೆರೆಯ ಕೆಂಪಣ್ಣ ಓಡಿಬಂದ.

“ಗ್ಯಾಸ್ಟಿಕ್ಕು ಕಣ್ಲಾ. ಒಂದು ಸೋಡಾ ಕುಡಿ, ಸರೋಯ್ತದೆ.”

ಸುತ್ತ ನಿಂತವರೆಲ್ಲ ಹೌದೌದು ಗ್ಯಾಸ್ಟಿಕ್ಕೇ ಅಂದರು. ಒಬ್ಬರು ಓಂಕಾಳು ತಂದರು, ಇನ್ನೊಬ್ಬರು ಬೆನ್ನು ಗುದ್ದಿದರು. ಮಂಡ್ಯದಲ್ಲಿ ಎದೆನೋವು ಅನ್ನುವುದೇ ಇಲ್ಲ, ಇರುವುದೆಲ್ಲ ಗ್ಯಾಸ್ಟಿಕ್ಕೇ! ಮಾವ ಎಡ ತೋಳನ್ನು ನೀವಿಕೊಳ್ಳುವುದು ನನ್ನ ಕಣ್ಣಿಗೆ ಬಿತ್ತು. ಏನು ಮಾಡಬೇಕೆಂದು ತೋಚದೆ ವಿಸಿಲ್ ಬಾಯಿಗಿಟ್ಟು ಜೋರಾಗಿ ಊದಿಬಿಟ್ಟೆ. ಪೆಂಡಾಲು ಪೂರ್ತಿ ಗಪ್‌ಚಿಪ್. “ಯಾರಾದ್ರೂ ಕಾರು ತೆಗೀರಿ! ಈಗಲೇ!” ಎಂದು ಕೂಗಿದೆ. ಕಾರು ಬಂತು. ಮಂಡ್ಯ ತಲುಪುವ ತನಕ ಮಾವನ ಕೈ ಬಿಡಲಿಲ್ಲ. ಅಷ್ಟೊಂದು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು. “ಹೃದಯದ ಒಂದು ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದೆ. ಪೂರ್ತಿ ಮುಚ್ಚಿಲ್ಲ, ಅದೃಷ್ಟ. ಈಗಲೇ ಸ್ಟೆಂಟ್ ಹಾಕೋ ಅವಸರ ಇಲ್ಲ. ಮಾತ್ರೆ ಒಂದು ದಿನವೂ ತಪ್ಪಬಾರದು. ಕೊಬ್ಬಿನ ಬಾಡು, ಕರಿದದ್ದು ಬಿಡಬೇಕು. ಸೊಪ್ಪು, ಕಾಳು, ರಾಗಿ ಜಾಸ್ತಿ ಮಾಡಿ. ದಿನಾ ನಡೀಬೇಕು. ಮೂರು ತಿಂಗಳು ನೋಡೋಣ. ಕೆಟ್ಟ ಕೊಲೆಸ್ಟ್ರಾಲ್ ಇಳಿದು, ನಡೆದಾಗ ನೋವು ಬರದೇ ಇದ್ರೆ ಹೀಗೇ ಮುಂದುವರಿಯಬಹುದು.”

ಮಾವ ತಲೆ ಕೆರೆದುಕೊಂಡರು. “ಅಂದ್ರೆ ನಾಲೇಲಿ ಹೂಳು ತುಂಬ್ಕೊಂಡದೆ, ಕೊನೆಗದ್ದೆಗೆ ನೀರು ಓಯ್ತಾ ಇಲ್ಲ. ಅಷ್ಟೇ ತಾನೆ ತಾಯಿ?”

ಡಾಕ್ಟರಮ್ಮ ನಕ್ಕು ಹೌದೆಂದರು. ಮಾವ ನನ್ನ ಕಡೆ ತಿರುಗಿ, “ನಿಮ್ಮೂರ ಕತೆನೇ ಆಯ್ತಲ್ಲ ಕಣವ್ವ ನನ್ನೆದೇದೂ” ಅಂದರು. ನಮ್ಮ ಮಳವಳ್ಳಿ ಕಡೆಯವರು ನಾಲೆಯ ಕೊನೇ ಭಾಗದವರು, ಮೇಲಿನವರು ಬಿಟ್ಟರೆ ಉಂಟು. ಆ ಸ್ಥಿತಿಯಲ್ಲೂ ಸೊಸೆಯನ್ನು ಚುಚ್ಚುವುದು ಬಿಡಲಿಲ್ಲವಲ್ಲ ಎಂದು ನಗುವೂ ಅಳುವೂ ಒಟ್ಟಿಗೇ ಬಂದವು.

ಎದ್ದು ಬರುವಾಗ ಮಾವ ಬಾಗಿಲಲ್ಲಿ ನಿಂತರು. “ಮಾಗದಲ್ಲಿ ನನ್ ಮಗಳ ಮದ್ವೆ ಅದೆ ತಾಯಿ. ಬೀಗರೂಟಕ್ಕೆ ನಾನೇ ಸಾರು ಮಾಡ್ಬೋದಾ?”

“ಮೂರು ತಿಂಗಳ ಪರೀಕ್ಷೆ ಆದ ಮೇಲೆ ಹೇಳ್ತೀನಿ” ಅಂದರು ಡಾಕ್ಟರಮ್ಮ.

ಆ ಮಗಳೇ ನನ್ನ ನಾದಿನಿ ರೂಪ. ಮಣ್ಣು ಪರೀಕ್ಷೆ ಮಾಡುವ ಕಡೆ ಕೆಲಸ. ಹುಟ್ಟಿದಾಗಿನಿಂದ ಅವಳಿಗೆ ಅಪ್ಪ ಕೊಟ್ಟ ಮಾತು ಒಂದೇ: ಊರೂರಿನ ಬೀಗರಿಗೆ ಸಾರು ಕಾಸಿದ ಕೈ, ನಿನ್ನ ಬೀಗರಿಗೆ ಎಂಥದ್ದು ಕಾಸುತ್ತದೆ ನೋಡು. ಸುದ್ದಿ ಕೇಳಿದ ಅವಳು ಅಡುಗೆಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. “ಅಪ್ಪ ಸೌಟು ಹಿಡೀದೆ ನನ್ನ ಬೀಗರೂಟ ಆಗಂಗಿಲ್ಲ. ಅದ್ಕೆ ಅಪ್ಪ ಮೊದ್ಲು ಗಟ್ಟಿಯಾಗ್ಬೇಕು. ಗದ್ದೆ ಮಣ್ಣಿಗೆ ಪರೀಕ್ಷೆ ಮಾಡಿಸ್ತೀಯಲ್ಲಪ್ಪ, ಇನ್ಮೇಲೆ ನಿನ್ನ ರಕ್ತಕ್ಕೂ ಮಾಡಿಸ್ತೀವಿ.”

ಮಾವ ಅಡ್ಡಗೋಡೆಗೆ ಒರಗಿ ಕೂತು, “ಆಯ್ತು ಬುಡ್ರವ್ವಾ. ಇವತ್ತಿಂದ ಬಾಡು ಮುಟ್ಟಲ್ಲ. ನನ್ನವ್ವನಾಣೆ” ಅಂದರು.

ಆಗ ನೋಡಿ ನನಗೆ ಹುಮ್ಮಸ್ಸು ಬಂದದ್ದು! ಮಾಘ ಮಾಸ ಫೈನಲ್ಲು, ಅಲ್ಲಿಯ ತನಕ ತಯಾರಿ. ಬೆಳಗ್ಗೆ ಮಂಜು ಇಳಿಯುವಾಗ ನಾಲೆ ಏರಿಯ ಮೇಲೆ ಮಾವ ಮುಂದೆ, ನಾನು ಹಿಂದೆ. ಡಾಕ್ಟರಮ್ಮ ಹೇಳಿದಂತೆ ಮೊದಲು ನಿಧಾನ, ವಾರ ಕಳೆದಂತೆ ಚುರುಕು. ಕೈ ಬೀಸದಿದ್ದರೆ ವಿಸಿಲ್. ಗದ್ದೆಯಲ್ಲಿದ್ದವರು ಬಗ್ಗಿದ ಸೊಂಟ ಎತ್ತಿ ನೋಡಿ, “ಏನ್ಲಾ ಬೋರಣ್ಣ, ಪೋಲಿಸ್ಗೆ ಸೇರ್ಕೊಂಡ್ಯಾ?” ಎಂದು ಕೂಗುವರು. ಮಾವ ಇನ್ನೂ ಜೋರಾಗಿ ಕೈ ಬೀಸುವರು.

ಅತ್ತೆ ಅಡುಗೆಮನೆಯ ನಕ್ಷೆಯನ್ನೇ ಬದಲಾಯಿಸಿದರು. ಡಬ್ಬಿಯಿಂದ ಧಾರೆ ಧಾರೆಯಾಗಿ ಸುರಿಯುತ್ತಿದ್ದ ಎಣ್ಣೆ ಈಗ ಚಮಚದಲ್ಲಿ ಬೀಳತೊಡಗಿತು. ಬೋಂಡ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು ನಿಂತಿತು. ಬಾಣಲೆ ಅಟ್ಟ ಸೇರಿತು. ದಿನಕ್ಕೊಂದು ಸೊಪ್ಪು, ದಿನಕ್ಕೊಂದು ಕಾಳು. ಒಂದು ದಿನ ಮಸ್ಸೊಪ್ಪು, ಒಂದು ದಿನ ಹುರುಳಿಕಟ್ಟು, ಮತ್ತೊಂದು ದಿನ ಉಪ್ಸಾರು. ಉಪ್ಸಾರಿಗೆ ಉಪ್ಪೂ ಹಿಡಿತದಲ್ಲೇ. ಮುದ್ದೆಗೆ ಮಾತ್ರ ಅಡ್ಡಿಯಿಲ್ಲ ಎಂದಾಗ ಮಾವನ ಮುಖ ನೋಡಬೇಕಿತ್ತು. ಮದ್ದೂರಿಗೆ ಹೋದರೆ ವಡೆ ಅಂಗಡಿ ಬಂದಾಗ ಮುಖವನ್ನು ಆ ಕಡೆ ತಿರುಗಿಸಿಕೊಂಡು ದಾಟುತ್ತಿದ್ದರಂತೆ. ಮೂಗು ಮಾತ್ರ ಈ ಕಡೆಗೇ ಇತ್ತು ಎಂದು ಕೆಂಪಣ್ಣ ಚಾಡಿ ಹೇಳಿದ.

ಊರಿನವರ ಉಪದೇಶಕ್ಕೂ ಬರವಿರಲಿಲ್ಲ. ಹಸಿ ಬೆಳ್ಳುಳ್ಳಿ ನುಂಗು ಅಂದರು, ಮಾತ್ರೆ ಬಿಟ್ಟು ಕಷಾಯ ಕುಡಿ ಅಂದರು, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರೂ ಒಂದು ಎಲೆಯ ಹೆಸರು ಹೇಳಿ ಇಳಿದುಹೋದರು. ಮಾತ್ರೆ ಬಿಡು ಅಂದವರಿಗೆಲ್ಲ ಅತ್ತೆ ಒಂದೇ ಉತ್ತರ ಕೊಟ್ಟರು. “ನಿಮ್ಮೆಜಮಾನ್ರಿಗೆ ಕುಡ್ಸು ಓಗು ತಾಯಿ, ನಮ್ಮೋರ್ಗೆ ಡಾಕ್ಟ್ರವ್ವ ಏಳಿದ್ದೇ ಸಾಕು.”

ತಿಂಗಳಾದ ಮೇಲೆ ರಕ್ತ ಪರೀಕ್ಷೆಗೆ ಹೋದೆವು. ನಾನಂತೂ ಗೆದ್ದೇಬಿಟ್ಟೆವೆಂದು ಹಾರಾಡಿಕೊಂಡು ಹೋಗಿದ್ದೆ. ಡಾಕ್ಟರಮ್ಮ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು.

“ಇಳಿದಿರೋದು ಅಷ್ಟಕ್ಕಷ್ಟೇ. ಮಾತ್ರೆ ಸರಿಯಾಗಿ ನುಂಗ್ತಿದ್ದಾರಾ? ನುಂಗ್ತಿದ್ರೆ ಇನ್ನೂ ಚೆನ್ನಾಗಿ ಇಳೀಬೇಕಿತ್ತು. ಊಟದಲ್ಲಿ ಏನೋ ಇದೆ.”

ಮಾತ್ರೆಯನ್ನು ಅತ್ತೆ ಕೈಯಾರೆ ಬಾಯಿಗೆ ಹಾಕುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ನನಗೆ ಉರಿದುಹೋಯಿತು. ಹೊರಗೆ ಬಂದವಳೇ, “ಮಾವ, ಕದ್ದು ಬಾಡು ತಿಂತಿದ್ದೀರಾ?” ಎಂದು ಕೇಳಿಯೇಬಿಟ್ಟೆ.

“ಒಂದು ತುಂಡೂ ಬಾಯಿಗೆ ಇಟ್ಟಿಲ್ಲ ಕಣವ್ವ. ನನ್ನವ್ವನಾಣೆ ಇಟ್ಮೇಲೆ ತಿಂದನಾ?” ಎಂದರು. ಕಣ್ಣಲ್ಲಿ ನೀರಿತ್ತು. ಮಾವ ಸುಳ್ಳು ಹೇಳುವವರಲ್ಲ. ಹಾಗಾದರೆ ಕೊಬ್ಬು ಬರುತ್ತಿರುವುದೆಲ್ಲಿಂದ? ಆ ವಾರವೆಲ್ಲ ನನಗೆ ಅದೇ ಚಿಂತೆ. ಶಾಲೆಯಲ್ಲಿ ಮಕ್ಕಳಿಗೆ ಖೋಖೋ ಆಡಿಸುತ್ತಾ ನಾನೇ ತಪ್ಪು ತೀರ್ಪು ಕೊಡುವಷ್ಟು.

ಉತ್ತರ ಸಿಕ್ಕಿದ್ದು ಒಂದು ಸೋಮವಾರ ಬೆಳಗ್ಗೆ. ಡಿಸೆಂಬರಿನ ಚಳಿ, ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸದ್ದಿಗೆ ಎಚ್ಚರವಾಗುತ್ತಿದ್ದ ಕಾಲ. ಆಗಾಗ ಹೋಗುವಂತೆ ಹಿಂದಿನ ದಿನವೂ ಮಾವ ಪಕ್ಕದೂರಿನ ಬೀಗರೂಟಕ್ಕೆ ಹೋಗಿದ್ದರು. ಕೊಪ್ಪರಿಗೆ ಎತ್ತುವಂತಿಲ್ಲ, ಒಲೆ ಮುಂದೆ ನಿಲ್ಲುವಂತಿಲ್ಲ, ಕುರ್ಚಿ ಹಾಕಿಕೊಂಡು ಕೆಂಪಣ್ಣನಿಗೆ ಹೇಳಿಕೊಡುವುದಷ್ಟೇ ಎಂದು ಒಪ್ಪಂದವಾಗಿತ್ತು. ಅಡುಗೆಯವರಿಗೆ ಮನೆಗೊಂದು ಕ್ಯಾರಿಯರ್ ತುಂಬಿ ಕೊಡುವುದು ಪದ್ಧತಿ. ಆ ಕ್ಯಾರಿಯರ್ ಕಟ್ಟೆಯ ಮೇಲಿತ್ತು. ಕಾಫಿಗೆ ಹೋದ ನಾನು ಸುಮ್ಮನೆ ಮುಚ್ಚಳ ತೆಗೆದೆ.

ಒಳಗೆ ಸಾರೇ ಕಾಣಲಿಲ್ಲ! ಮೇಲೆ ಬೆಳ್ಳಗೆ, ಮಂದವಾಗಿ, ಮೇಣ ಹುಯ್ದು ಬಿಟ್ಟ ಹಾಗೆ ಒಂದು ಪದರ. ಬೆರಳಲ್ಲಿ ತಟ್ಟಿದೆ, ಟಕಟಕ ಸದ್ದು. ಬೋರಲು ಹಾಕಿದೆ, ಒಂದು ತೊಟ್ಟೂ ಬೀಳಲಿಲ್ಲ.

“ಅತ್ತೆ! ಈ ಸಾರು ಯಾರಿಗೆ?”

“ನಿಮ್ಮಾವಂಗೆ ಕಣೆ. ತುಂಡೆಲ್ಲ ಮಹೇಶಂಗೆ ಆಕ್ತೀನಿ, ಬರೀ ಎಸರು ಇವ್ರಿಗೆ. ಬಾಡು ಬುಟ್ಟವ್ರಲ್ಲ ಪಾಪ, ಮುದ್ದೆ ಅದ್ದಕ್ಕಾದ್ರೂ ಬ್ಯಾಡ್ವಾ?”

ಕ್ಯಾರಿಯರ್ ಹಿಡಿದುಕೊಂಡೇ ಜಗಲಿಗೆ ಓಡಿದೆ. ಮಾವ ಮಫ್ಲರ್ ಸುತ್ತಿಕೊಂಡು ಬಿಸಿಲು ಕಾಯಿಸುತ್ತಿದ್ದರು.

“ಎಸರು ಉಣ್ತಿದ್ದೀರಾ ಮಾವ?”

“ಊಂ ಕಣವ್ವ. ಬಾಡು ತಾನೆ ಬುಡು ಅಂದಿದ್ದು? ಎಸರು ಬುಡು ಅಂದಿಲ್ವಲ್ಲ. ನೀರಂಗೆ ಅದೆ, ಅದ್ರಲ್ಲೇನದೆ?”

ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ. ನಮ್ಮ ಜನ ಬಿಟ್ಟರೆ ಇನ್ಯಾರೂ ಮಾಡಲಾರದ ತಪ್ಪು ಇದು! ಬಾಡೂಟದಲ್ಲಿ ವ್ರತ ಹಿಡಿದವರು, ಕಾಯಿಲೆಯವರು, ವಯಸ್ಸಾದವರು ಎಲ್ಲ, “ತುಂಡು ಬ್ಯಾಡ, ಬರೀ ಎಸರು ಬುಡು” ಅಂತ ತಟ್ಟೆ ಒಡ್ಡುತ್ತಾರೆ. ಮುದ್ದೆಗೆ ಎಸರೇ ಜೀವ. ಬಾಡಿನ ಕೊಬ್ಬೆಲ್ಲ ಕರಗಿ ಸೇರುವುದು ಅದೇ ಎಸರಿಗೆ. ಮಾವ ತುಂಡು ಬಿಟ್ಟ ದುಃಖಕ್ಕೆ ಎರಡು ಸೌಟು ಹೆಚ್ಚಿಗೇ ಹುಯ್ಯಿಸಿಕೊಳ್ಳುತ್ತಿದ್ದರು. ಅದರ ಮೇಲೆ ಊಟದ ಮನೆಯಲ್ಲಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದ್ದು ಬೇರೆ.

ಮಾವ ಆ ಬಿಳಿ ಪದರದಿಂದ ಒಂದು ಚೂರು ಮುರಿದುಕೊಂಡರು. ಅಂಗೈಯಲ್ಲಿಟ್ಟು ಬೆರಳಿಂದ ತಿಕ್ಕಿದರು. ಮೈಯ ಬಿಸಿಗೆ ಅದು ಮೆಲ್ಲಗೆ ಕರಗಿ ಜಿಡ್ಡಾಯಿತು. ನೋಡುತ್ತಲೇ ಇದ್ದರು.

“ಇದು ಗಟ್ಟಿ ಕಟ್ಟುದ್ರೆ ಒಳ್ಳೆ ಸಾರು ಅಂತಿದ್ದೆ. ಮಂದಿಗೂ ಅಂಗೇ ಏಳ್ಕೊಟ್ಟೆ. ಇದೇ ಕಣವ್ವ ನನ್ ಎಸರು ಮಾಡಿದ್ದು, ಇದೇ...” ಮಾವನ ಬಾಯಲ್ಲಿ ಹೆಸರೂ ಎಸರೇ. ನನಗೆ ಅಷ್ಟು ಹೊತ್ತು ಇದ್ದ ಸಿಟ್ಟು ಎಲ್ಲಿ ಹೋಯಿತೋ. ಒಬ್ಬ ಮನುಷ್ಯ ಬದುಕಿಡೀ ಮೆರೆದದ್ದೇ ಅವನಿಗೆ ಮುಳುವಾಗಿ ಬಂದರೆ ಅವನು ಯಾರ ಮೇಲೆ ರೇಗಬೇಕು? ಪಕ್ಕದಲ್ಲಿ ಕೂತು ಅವರ ಅಂಗೈಯನ್ನು ನನ್ನ ಸೆರಗಿನಲ್ಲಿ ಒರೆಸಿದೆ.

ಅವತ್ತೇ ಮಾವ ಎಸರನ್ನೂ ಬಿಟ್ಟರು. ಊಟದ ಮನೆಗಳಿಗೆ ಹೋಗುವುದನ್ನೂ ಬಿಟ್ಟರು. ಎರಡು ವಾರ ಯಾರ ಜೊತೆಗೂ ನೆಟ್ಟಗೆ ಮಾತಿಲ್ಲ. ಅವರೇಕಾಯಿ ಸುಗ್ಗಿ ಅವರನ್ನು ಎಬ್ಬಿಸಿತು ಅನ್ನಬೇಕು. ಮನೆ ತುಂಬ ಸೊಗಡಿನ ಘಮ, ಅತ್ತೆ ಅವರೆಕಾಳು ನೆನೆಹಾಕಿ ಹಿತುಕುತ್ತಾ ಕೂತರೆ ಮಾವನೂ ಬಂದು ಕೂತರು. ಬೇಳೆ ಹಿತುಕುತ್ತಾ ಹಿತುಕುತ್ತಾ ಇದ್ದಕ್ಕಿದ್ದಂತೆ ತಲೆ ಎತ್ತಿ ನನ್ನ ಕಡೆ ನೋಡಿದರು.

“ಲತಾ, ಆ ಬಿಳಿ ಪದರಾನ ಪೂರ್ತಿ ತೆಗೆದುಬುಟ್ರೆ, ಕೆಳಗಡೆ ಇರಾದು ಏನಾಯ್ತದೆ?”

“ಸಾರಾಗುತ್ತೆ ಮಾವ, ನೋಡೇಬಿಡೋಣ!” ಅಂದೆ.

ಅಲ್ಲಿಂದ ಶುರುವಾಯಿತು ನಮ್ಮ ಹಿತ್ತಲಿನ ಸಾಹಸ. ಭಾನುವಾರ ಬಂತೆಂದರೆ ಒಂದಿಷ್ಟು ಬಾಡು. ಮೊದಲು ಕಣ್ಣಿಗೆ ಕಾಣುವ ಕೊಬ್ಬನ್ನೆಲ್ಲ ಬಿಡಿಸಿ ಎಸೆಯುವುದು. ಬರೀ ನೀರಲ್ಲಿ ಬೇಯಿಸಿ ಆರಲು ಬಿಟ್ಟು, ಮೇಲೆ ಕಟ್ಟಿದ್ದನ್ನು ಎತ್ತಿ ಹಾಕುವುದು, ಆಮೇಲೆ ಖಾರ ಬೆರೆಸುವುದು. ಮಾವ ತೊಟ್ಟೂ ಮುಟ್ಟುವಂತಿಲ್ಲ, ಅದು ಅವರೇ ಹಾಕಿಕೊಂಡ ಕಟ್ಟು. ನನ್ನ ಅಂಗೈ ಮೇಲೆ ಬಿಟ್ಟು, ನನ್ನ ಮುಖ ನೋಡುವರು.

“ಚಪ್ಪೆ ಮಾವ. ಪಾತ್ರೆ ತೊಳೆದ ನೀರು.”

“ಬಾಯಿ ಮುಚ್ಚು. ಮುಂದಿನ ವಾರ ನೋಡೀಯಂತೆ.”

ಮುಂದಿನ ವಾರ ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟರು. ಅದರ ಮುಂದಿನ ವಾರ ಕೊಬ್ಬರಿ ಕಡಿಮೆ ಮಾಡಿ, ಹುರಿಗಡಲೆ ನುಣ್ಣಗೆ ಅರೆಸಿ ಮಂದ ತಂದರು. ಬೆಳ್ಳುಳ್ಳಿ ಸಿಪ್ಪೆ ಸಮೇತ ಜಜ್ಜಿದರು, ಧನಿಯವನ್ನು ಒಂದು ಹದ ಹೆಚ್ಚಿಗೆ ಹುರಿದರು. ನಾಲ್ಕನೇ ಸಲವೋ ಐದನೇ ಸಲವೋ, ಸಂಕ್ರಾಂತಿ ಕಳೆದ ಭಾನುವಾರ, ಅಂಗೈಗೆ ಬಿದ್ದ ಎಸರು ನೆಕ್ಕಿದೆ. ಮೊದಲು ಸುಟ್ಟ ಈರುಳ್ಳಿಯ ಸಿಹಿ, ಆಮೇಲೆ ಬಾಡಿನ ರುಚಿ, ಕೊನೆಗೆ ಗಂಟಲಲ್ಲಿ ಹಿತವಾದ ಖಾರ. ನಾಲಿಗೆಗೆ ಅಂಟುವ ಜಿಡ್ಡಿಲ್ಲ. ವಿಸಿಲ್ ಊದಿದೆ! ಕೊಟ್ಟಿಗೆಯಲ್ಲಿದ್ದ ಎಮ್ಮೆ ಬೆದರಿ ಹಗ್ಗ ಜಗ್ಗಿತು. ಮಾವ ಒಲೆ ಮುಂದೆ ಕೂತೇ ಪಂಚೆಯ ಚುಂಗಿನಲ್ಲಿ ಮುಖ ಒರೆಸಿಕೊಂಡರು. ಹೊಗೆಗೆ ಅಂದರು. ಅದು ಹೊಗೆಯಲ್ಲ.

ಪರೀಕ್ಷೆಯ ದಿನ ಬಂತು. ರಕ್ತ ಕೊಟ್ಟು, ಎದೆಗೆ ವೈರು ಅಂಟಿಸಿಕೊಂಡು, ಮಾವ ಓಡುವ ಮೆಷಿನ್ನು ಹತ್ತಿದರು. ನಾನು ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತೆ. ಮೆಷಿನ್ನು ವೇಗವಾಯಿತು, ಮಾವ ಕೈ ಬೀಸಿದರು. ಇನ್ನೂ ವೇಗವಾಯಿತು, ಇನ್ನೂ ಬೀಸಿದರು, ನಾಲೆ ಏರಿಯ ಮೇಲೆ ಬೀಸುತ್ತಿದ್ದಂತೆಯೇ! ಕೈ ಎಲ್ಲಿ ಎದೆಗೆ ಹೋಗುತ್ತದೋ ಎಂದು ನಾನು ನೋಡುತ್ತಲೇ ಇದ್ದೆ. ಹೋಗಲಿಲ್ಲ. ಇಳಿದು ಬಂದವರು, “ಮಿಸಿನ್ನಿಗೇ ಸುಸ್ತಾಯ್ತು ಕಣವ್ವ” ಅಂದರು.

ಸಂಜೆ ಡಾಕ್ಟರಮ್ಮ ರಿಪೋರ್ಟುಗಳನ್ನು ಒಂದರ ಪಕ್ಕ ಒಂದಿಟ್ಟು ಎರಡೆರಡು ಸಲ ನೋಡಿ ನಕ್ಕರು. ಕೆಟ್ಟ ಕೊಲೆಸ್ಟ್ರಾಲ್ ಎಲ್ಲಿರಬೇಕೋ ಅಲ್ಲಿಗೆ ಬಂದಿತ್ತು. ಸ್ಟೆಂಟ್ ಸದ್ಯಕ್ಕೆ ಬೇಡ, ಮಾತ್ರೆ ಮಾತ್ರ ನಿಲ್ಲಿಸುವಂತಿಲ್ಲ, ಊಟವೂ ಹೀಗೇ ಇರಬೇಕು. ಮಾವನಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. “ಸಾರು?” ಅಂದರು.

“ಮಾಡಿ ಯಜಮಾನ್ರೇ. ಭಾರ ಎತ್ತಬೇಡಿ, ಬೆಂಕಿ ಮುಂದೆ ಬಹಳ ಹೊತ್ತು ನಿಲ್ಲಬೇಡಿ.”

ಆಸ್ಪತ್ರೆಯ ಜಗಲಿಯಲ್ಲಿ ವಿಸಿಲ್ ಊದಬಾರದು ಎಂದು ನನಗೆ ಗೊತ್ತು. ಕಾಯಿಲೆಯವರಿರುತ್ತಾರೆ. ಗೇಟಿನ ಹೊರಗೆ ಬಂದು ಊದಿದೆ. ಮಹೇಶ ಕೂಡ ಚಪ್ಪಲಿ ಹುಡುಕದೆ ಕುಣಿದರು.

ಬೀಗರೂಟದ ದಿನ ಕೋಳಿ ಕೂಗುವುದಕ್ಕೆ ಮುಂಚೆಯೇ ಹಿತ್ತಲಿನಲ್ಲಿ ಒಲೆಗಳು ಹತ್ತಿಕೊಂಡವು. ಮಾವ ಕುರ್ಚಿಯಲ್ಲಿ, ಕೆಂಪಣ್ಣ ಒಲೆ ಮುಂದೆ. ಬಂಡೂರು ಮರಿಗಳೇ, ಅದರಲ್ಲಿ ರಾಜಿಯಿಲ್ಲ. ಆದರೆ ಕೊಬ್ಬನ್ನು ಬಿಡಿಸಿ ಬೇರೆ ಇಡಿಸಿದ್ದರು. ಬಾಡು ಬೆಂದು, ಉರಿ ತೆಗೆದು, ಎಸರು ತಿಳಿಯಾಗಿ ಮೇಲೆ ಎಣ್ಣೆ ಹೊಳೆಯತೊಡಗಿದಾಗ ಮಾವ ಎದ್ದು ಸೌಟು ಹಿಡಿದರು. ಮೇಲಿಂದ ಮೇಲಿಂದ ತೆಗೆದು ಪಕ್ಕದ ಬೋಸಿ ಪಾತ್ರೆಗೆ ಸುರಿಯತೊಡಗಿದರು. ಕೆಂಪಣ್ಣನ ಮುಖ ಬಿಳಿಚಿಕೊಂಡಿತು.

“ಏನ್ಲಾ ಮಾಡ್ತಿದ್ದೀಯ? ಬೀಗರ ಮುಂದೆ ಮರ್ವಾದೆ ಕಳೀತೀಯಾ? ಎಣ್ಣೆ ತೇಲ್ದಿದ್ರೆ ಬೋರಣ್ಣ ಮರೀಗೆ ದುಡ್ಡು ಉಳಿಸ್ದ ಅಂತಾರೆ ಕಣ್ಲಾ!”

“ಅನ್ಲಿ ಬುಡು.”

“ಹೆಣ್ಣು ಕೊಟ್ಟ ಮನೆ ಕಣ್ಲಾ. ನಾಳೆ ಆ ಮಗು ಅಲ್ಲಿ ತಲೆ ಎತ್ಕೊಂಡು ತಿರುಗ್ಬೇಕೋ ಬ್ಯಾಡ್ವೋ?”

ಮಾವನ ಕೈ ಒಂದು ಗಳಿಗೆ ನಿಂತಿತು. ಬಾಗಿಲಲ್ಲಿ ಅರಿಶಿನದ ಕೈಯಲ್ಲಿ ರೂಪ ನಿಂತಿದ್ದಳು. “ತೆಗಿಯಪ್ಪ” ಎಂದಳು, ಅಷ್ಟೇ. ಮಾವ ಮತ್ತೆ ಸೌಟು ಮುಳುಗಿಸಿದರು. ಖಾರ ಬಿದ್ದು ಕುದಿ ಬಂದ ಮೇಲೆ ನನ್ನನ್ನು ಕೂಗಿದರು. ಊರವರ ಮುಂದೆ ಸೊಸೆಯ ಅಂಗೈಗೆ ನಾಲ್ಕು ತೊಟ್ಟು. ನಾನು ಕಣ್ಣು ಮುಚ್ಚಿ ನೆಕ್ಕಿ, ಒಂದು ಗಳಿಗೆ ಸುಮ್ಮನಿದ್ದು, “ಊಂ” ಅಂದೆ. ಎಲೆ ಹಾಕಿದರು.

ಮೊದಲ ಪಂಕ್ತಿಯ ಆ ತುದಿಗೆ ವರನ ದೊಡ್ಡಪ್ಪ ಕೂತಿದ್ದರು. ಮದ್ದೂರು ಕಡೆಯವರು, ದಪ್ಪ ಮೀಸೆ, ಕಡ್ಡಿ ತುಂಡು ಮಾಡಿದಂತೆ ಮಾತಾಡುವವರು. ಬಕೆಟ್ಟು ಹಿಡಿದು ಬಂದವರನ್ನು ಮೊದಲು ಬೇಡ ಎಂದು ಕೈ ಅಡ್ಡ ಮಾಡಿದರು. ಪಕ್ಕದವರ ಎಲೆಯನ್ನು ಬಗ್ಗಿ ನೋಡಿದರು. ಏನನ್ನಿಸಿತೋ, ಎರಡು ತುಂಡು, ಒಂದು ಸೌಟು ಎಸರು ಹಾಕಿಸಿಕೊಂಡರು. ಮುದ್ದೆ ಮುರಿದು ಅದ್ದಿ ನುಂಗಿದರು. ಮುಖದಲ್ಲಿ ಏನೂ ತಿಳಿಯಲಿಲ್ಲ. ಎದ್ದು ಕೈ ತೊಳೆಯಲು ಹೋದರು. ನೀರು ಹಾಕಿಕೊಂಡು ಅಂಗೈ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಜೋರು ದನಿಯಲ್ಲಿ ಕೇಳಿದರು.

“ಸಾರು ಮಾಡಿದ್ಯಾರು? ಬರೀ ನೀರ್ಗೇ ಜಿಡ್ಡು ಓಯ್ತಲ್ಲಾ!”

ಕೆಂಪಣ್ಣ ತಲೆ ಮೇಲೆ ಕೈ ಹೊತ್ತ. ಮಾವ ಕುರ್ಚಿಯಿಂದ ಎದ್ದು, ಟವೆಲು ಹೆಗಲಿಂದ ತೆಗೆದು, “ನಾನೇ ಕಣಣ್ಣೋ. ಜಿಡ್ಡು ತೆಗೆದಿವ್ನಿ. ಎದೇಲಿ ತೊಂದ್ರೆ ಅದೆ ನಂಗೆ. ನಾನು ಉಣ್ಣಕಾಗ್ದೆ ಇರಾದ ಬೀಗರಿಗೆ ಉಣ್ಸಕೆ ಮನಸ್ಸು ಬರ್ಲಿಲ್ಲ” ಅಂದರು.

ದೊಡ್ಡಪ್ಪ ಒದ್ದೆ ಕೈಯಲ್ಲೇ ಬಂದು ಮಾವನ ಎರಡೂ ಕೈ ಹಿಡಿದುಕೊಂಡರು.

“ನಂಗೆ ಸ್ಟಂಟ್ ಆಕವ್ರೆ ಕಣಪ್ಪ. ಅವತ್ತಿಂದ ಯಾರ್ ಬೀಗರೂಟಕ್ಕೋದ್ರೂ ಮೊಸರನ್ನ ಉಂಡು, ಯಾರ್ಗೂ ಕಾಣ್ದಂಗೆ ಎದ್ದು ಬತ್ತಿದ್ದೆ. ಇವತ್ತು ಪಂಕ್ತೀಲಿ ಎಲ್ಲಾರ್ ಜೊತೆ ಕುಂತು ಎಲ್ಡು ತುತ್ತು ಉಂಡೆ.”

ನನಗೆ ಏನಾಯಿತೋ ಗೊತ್ತಿಲ್ಲ, ಆ ಮಾತು ಮುಗಿಯುವ ಮುಂಚೆಯೇ ವಿಸಿಲ್ ಬಾಯಲ್ಲಿತ್ತು. ರೂಪ ಅಳುತ್ತಲೇ ನನ್ನ ಬೆನ್ನಿಗೆ ಗುದ್ದಿದಳು.

ಇದೆಲ್ಲ ಚಿಕ್ಕರಸಿನಕೆರೆಯ ಆ ಅಂಗಡಿ ಮುಂದೆ ನಿಂತವಳ ತಲೆಯಲ್ಲಿ ಹಾದುಹೋದದ್ದು. ಯಾರೋ ಹಿಂದಿನಿಂದ, “ಏನವ್ವ, ಕಾಲು ಊರ್ಕೊಂಡುಬುಟ್ಟೆ?” ಅಂದರು. ಮಾವ! ಹಿಂದಿನ ಸ್ಟಾಪಿನಲ್ಲೇ ಇಳಿದುಕೊಂಡಿದ್ದರು. ಈಗೀಗ ಯಾವೂರಿಗೆ ಹೋದರೂ ಹಾಗೇ, ಒಂದು ಸ್ಟಾಪು ಮುಂಚೆ ಇಳಿದು ಕೈ ಬೀಸಿಕೊಂಡು ಬರುವುದು. ಉಸಿರು ಕೂಡ ಏರಿರಲಿಲ್ಲ.

ಇಬ್ಬರೂ ಹೊಗೆಯ ಜಾಡು ಹಿಡಿದು ಹೋದೆವು. ಅದು ಕೆಂಪಣ್ಣನ ಮೊಮ್ಮಗಳ ಬೀಗರೂಟ. ಒಲೆ ಮುಂದೆ ಅವನೇ, ತಲೆಗೆ ಟವೆಲು ಸುತ್ತಿಕೊಂಡು. ಮಾವನನ್ನು ಕಂಡವನೇ ಪಕ್ಕದ ಬೋಸಿಯ ತಟ್ಟೆ ಸರಿಸಿ ತೋರಿಸಿದ. ಕೊಪ್ಪರಿಗೆಯಿಂದ ತೆಗೆದ ಎಣ್ಣೆ ಅದರ ತುಂಬ ಇತ್ತು.

“ನೋಡ್ಕೊಂಡ್ಯಾ? ಪೂರ್ತಿ ತೆಗೆದಿವ್ನಿ. ಈಗ ನೀಡ್ಲಾ ಕೈಯ.”

ಮಾವ ನನ್ನ ಕಡೆ ನೋಡಿದರು. ಡಾಕ್ಟರಮ್ಮ ಯಾವತ್ತೋ ಒಮ್ಮೊಮ್ಮೆ ಒಂದು ತೊಟ್ಟಾಗಬಹುದು ಅಂದಿದ್ದರೂ, ಅಷ್ಟು ವರ್ಷದಿಂದ ರುಚಿ ನೋಡಿದ್ದು ನನ್ನ ಅಂಗೈಯೇ. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಮಾವ ತಮ್ಮ ಅಂಗೈ ಚಾಚಿದರು. ಕೆಂಪಣ್ಣ ಸೌಟನ್ನು ತಳಕ್ಕೆ ಮುಳುಗಿಸಿ ಎತ್ತಿ, ಒಂದೇ ಒಂದು ತೊಟ್ಟು ಬಿಟ್ಟ. ಮಾವ ಕಣ್ಣು ಮುಚ್ಚಿದರು. ಸುತ್ತ ನಿಂತವರೆಲ್ಲ ಕಾದೆವು.

“ಊಂ” ಅಂದರು ಮಾವ.